ಸೀಟು ಕಿತ್ತರೆ ಸರಕು, ಸೀಟು ಹಾಕಿದರೆ ಕಾರು

"ಜಪಾನಿನಲ್ಲಿ ಓಡೋ ಸುಜುಕಿ ಜಿಮ್ನಿ ಜೀಪಿನ ಫೋಟೊ ನೋಡಿದ್ಯೇನೋ? ಹಳದಿ ನಂಬರ್ ಪ್ಲೇಟು! ಪಾಪ, ಅಷ್ಟು ಚೆಂದದ ಗಾಡೀನ ಟ್ಯಾಕ್ಸಿಗೆ ಬಿಟ್ಟಿದ್ದಾರೆ," ಅಂದ ಸೀನ, ಬೈಟು ಕಾಫಿಯಲ್ಲಿ ತನ್ನ ಪಾಲು ಕಮ್ಮಿಯಾಯಿತಾ ಅಂತ ಲೋಟ ಎತ್ತಿ ನೋಡುತ್ತ.

"ಟ್ಯಾಕ್ಸಿ ಅಲ್ಲ ಮಾರಾಯ, ಅದು 'ಕೇ' ಕಾರು, ಅಂದ್ರೆ ಅಲ್ಲಿನ ಪುಟಾಣಿ ಕಾರುಗಳ ವರ್ಗ," ಅಂದ ಮೂರ್ತಿ. "ಉದ್ದ 3.4 ಮೀಟರ್, ಅಗಲ 1.48, ಎತ್ತರ 2, ಎಂಜಿನ್ 660 ಸಿಸಿ. ಇದರೊಳಗೆ ಇದ್ರೆ ಅಲ್ಲಿ ತೆರಿಗೆ ಕಮ್ಮಿ, ಪ್ಲೇಟು ಹಳದಿ. ಅದಕ್ಕೇ ಅಲ್ಲಿನ ಜಿಮ್ನಿಗೆ 658 ಸಿಸಿ ಟರ್ಬೊ, 64 ಅಶ್ವಶಕ್ತಿ. ಗುಡ್ಡ ನೋಡಿ ಎಂಜಿನ್ ಇಟ್ಟಿದ್ದಲ್ಲ, ಅಳತೆ ಟೇಪು ನೋಡಿ ಇಟ್ಟಿದ್ದು."

"ನಮ್ಮಲ್ಲೂ ತೆರಿಗೆಗೆ ಟೇಪು ಇದೆಯಲ್ಲ, 4 ಮೀಟರಿಂದು," ಅಂದರು ರಾಜಣ್ಣ. "ಐದು ಬಾಗಿಲಿನ ಜಿಮ್ನಿ 3985 ಮಿಲಿಮೀಟರ್. 15 ಮಿಲಿಮೀಟರ್ ಉಳಿಸಿ ಕೊಟ್ಟಿದ್ದಾರೆ, ದೃಷ್ಟಿಬೊಟ್ಟಿಗೆ."

"ಉದ್ದದ ಪೇಪರ್ ಪಾಸು, ಸಿಸಿ ಪೇಪರ್ ಫೇಲು," ಅಂದ ಮೂರ್ತಿ. " ಪೆಟ್ರೋಲಿಗೆ ಮಿತಿ 1200, ಇದು 1462. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಬದಲಾದ ಮೇಲೆ ಸಣ್ಣ ಕಾರಿಗೆಲ್ಲ 18, ಇದಕ್ಕೆ 40 ಪರ್ಸೆಂಟು. ಮಹೀಂದ್ರದ ಮೂರು ಬಾಗಿಲಿನ ಥಾರ್ ಕೂಡ ಅದೇ 3985. ಅದರ ಡೀಸೆಲ್ 1497 ಸಿಸಿ, ಡೀಸೆಲ್ ಮಿತಿ 1500. ಪಾಸಾಯ್ತು, 18! ಆದ್ರೆ ಆ ಎಂಜಿನ್‌ಗೆ ಫೋರ್ ವೀಲ್ ಇಲ್ಲ. ಮುಖ ಹುಲಿ, ಎಳೆಯೋದು ಹಿಂದಿನ ಎರಡೇ ಚಕ್ರ."

"ಯುರೋಪಿನಲ್ಲಿ ಇಂಥ ಜುಗ್ಗತನ ಇಲ್ಲ ಬಿಡು," ಅಂದ ಸೀನ.

"ಅಲ್ಲಿ ಅಳೆಯೋದು ಹೊಗೆ," ಅಂದ ಮೂರ್ತಿ. " ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್. ಜಿಮ್ನಿ ಲೆಕ್ಕ ಕಿಲೊಮೀಟರಿಗೆ 170 ಗ್ರಾಂ ದಾಟುತ್ತೆ. 2021ರಲ್ಲಿ ಕಾರುಗಳ ಸರಾಸರಿ ಗುರಿ 95 ಇತ್ತು. ಮೀರಿದ ಒಂದೊಂದು ಗ್ರಾಮಿಗೆ, ಮಾರಿದ ಒಂದೊಂದು ಕಾರಿಗೆ 95 ಯುರೋ ದಂಡ. ಸುಜುಕಿಯವರು ಏನ್ ಮಾಡಿದ್ರು? 2021ರ ಹೊತ್ತಿಗೆ ಹಿಂದಿನ ಸೀಟು ಕಿತ್ತು, ನಡುವೆ ಜಾಲರಿ ಹಾಕಿ, 'ಇದು ಗೂಡ್ಸ್ ಗಾಡಿ' ಅಂದ್ರು. ಗೂಡ್ಸಿಗೆ ಆಗ ಗುರಿ 147, ಸಡಿಲ."

ರಾಜಣ್ಣ ನಕ್ಕರು. "ಅಮೆರಿಕದಲ್ಲಿ ಇದರ ತಿರುಗಾ ಮುರುಗಾ. 60ರ ದಶಕದಲ್ಲಿ ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಹಾಕಿದ್ರು. ಸಿಟ್ಟಿಗೆ ಅಮೆರಿಕದವರು ಹೊರಗಿಂದ ಬರೋ ಪಿಕಪ್‌ಗೆ 25 ಪರ್ಸೆಂಟ್ ಜಡಿದ್ರು, 1964ರಿಂದ. ಕೋಳಿ ಜಗಳ ಮರೆತೇ ಹೋಯ್ತು, ಸುಂಕ ಮಾತ್ರ ಹಾಗೇ ಉಳೀತು. ಜಪಾನಿನಿಂದ ಸುಬಾರು ಬ್ರಾಟ್ ಅಂತ ಪುಟ್ಟ ಪಿಕಪ್ ಬಂತು. ಹಿಂದಿನ ತೊಟ್ಟಿಯಲ್ಲಿ ಹಿಮ್ಮುಖವಾಗಿ ಎರಡು ಪ್ಲಾಸ್ಟಿಕ್ ಸೀಟು! ಸೀಟಿದೆ ಅಂದ್ಮೇಲೆ ಕಾರು, ಸುಂಕ ಕಮ್ಮಿ. ಫೋರ್ಡಿನವರು ಟರ್ಕಿಯಿಂದ ವ್ಯಾನಿಗೆ ಸೀಟು ಹಾಕಿ ತಂದು, ಬಂದರು ದಾಟಿದ ಮೇಲೆ ಕಿತ್ತು ಗೂಡ್ಸ್ ಮಾಡ್ತಿದ್ರು. ಕೊನೆಗೆ 2024ರಲ್ಲಿ 36.5 ಕೋಟಿ ಡಾಲರ್ ಕಟ್ಟಿ ಕೇಸು ಮುಗಿಸಿಕೊಂಡ್ರು."

"ಸೀಟು ಕಿತ್ತು ಹಗುರ ಆಯ್ತಲ್ಲ, ಯುರೋಪಿನ ಜಿಮ್ನಿ ಮೈಲೇಜು ಭರ್ಜರಿ ಇರಬೇಕು," ಅಂದ ಸೀನ.

"100 ಕಿಲೊಮೀಟರಿಗೆ 7.7 ಲೀಟರ್. ಭಾಗಿಸು, ಲೀಟರಿಗೆ 13. ನಮ್ಮ ಐದು ಬಾಗಿಲಿಂದು ಅದಕ್ಕಿಂತ ಭಾರ, ಆದರೂ ಕಾಗದದ ಮೇಲೆ 16.94."

"ನೋಡು, ನಮ್ಮ ಗಾಳಿ ಗುಣ!"

"ಗಾಳಿದೇ ಗುಣ ಕಣೋ, ನಮ್ಮೂರಿಂದಲ್ಲ ಅಷ್ಟೆ. ನಮ್ಮ ಪರೀಕ್ಷೆ 90 ಕಿಲೊಮೀಟರ್ ವೇಗಕ್ಕೆ ನಿಲ್ಲುತ್ತೆ. ಅವರದು 131ರ ತನಕ ಓಡಿಸುತ್ತೆ. ಗಾಳಿ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ, 90ರಿಂದ 131ಕ್ಕೆ ಎರಡು ಪಟ್ಟಿಗೂ ಜಾಸ್ತಿ. ಜಿಮ್ನಿ ಆಕಾರ ಬೆಂಕಿಪೊಟ್ಟಣ, ಅಲ್ಲೇ ಪೆಟ್ರೋಲ್ ಕುಡಿಯೋದು. ಜಪಾನಿನ ಪರೀಕ್ಷೆಯಲ್ಲಿ ಆ ಕೊನೇ ಓಟ ಬಿಟ್ಟಿದ್ದಾರೆ, ಅದಕ್ಕೆ ಅಲ್ಲೂ ಅಂಕಿ ಚೆನ್ನಾಗಿ ಕಾಣುತ್ತೆ. ಇನ್ನು ಎಂಪಿಜಿ, ಅಂದ್ರೆ ಗ್ಯಾಲನ್ನಿಗೆ ಎಷ್ಟು ಮೈಲಿ ಅನ್ನೋ ಲೆಕ್ಕ ಕಂಡ್ರೆ ಮೊದಲು ಯಾವ ದೇಶದ್ದು ಕೇಳು. ಬ್ರಿಟನ್ನಿನ ಗ್ಯಾಲನ್ 4.546 ಲೀಟರ್, 0.354ರಿಂದ ಗುಣಿಸು, ಲೀಟರಿಗೆ ಎಷ್ಟು ಕಿಲೊಮೀಟರ್ ಅಂತ ಬರುತ್ತೆ. ಅಮೆರಿಕದ್ದು 3.785, 0.425ರಿಂದ ಗುಣಿಸು. ಬ್ರಿಟನ್ನಿನ 36.7 ಅಂದ್ರೆ ಇದೇ 13. ತಪ್ಪು ಗ್ಯಾಲನ್ ಹಿಡಿದ್ರೆ 15.6 ಬಂದು ಖುಷಿಯೋ ಖುಷಿ."

"ಫೋರ್ ವೀಲ್ ಹಾಕಿ ಹೋದ್ರೆ?"

"ಒಣ ಡಾಂಬರಿನ ಮೇಲೆ 4ಎಚ್, ಅಂದ್ರೆ ಮಾಮೂಲಿ ವೇಗದ ಫೋರ್ ವೀಲ್, ಹಾಕಬೇಡ. ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಕ್ಕೆ ಬಿಡೋ ಡಿಫರೆನ್ಷಿಯಲ್ ನಡುವೆ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು, ಓಡಕ್ಕೆ ಬಿಡಲ್ಲ. ಸ್ಟೀರಿಂಗ್ ಬಿಗಿಯಾಗುತ್ತೆ, ಟೈರು ಸವೆಯುತ್ತೆ, ಮುಂದೆ ಹಿಂದೆ ಬಲ ಹಂಚೋ ಟ್ರಾನ್ಸ್‌ಫರ್ ಕೇಸ್ ನರಳುತ್ತೆ. ಕೆಸರು ಬಂದಾಗ ಚಕ್ರ ನೇರ ಇಟ್ಟುಕೊಂಡು 4ಎಚ್‌ಗೆ ಹಾಕು. 4ಎಲ್, ಅಂದ್ರೆ ನಿಧಾನಕ್ಕೆ ಜೋರಾಗಿ ಎಳೆಯೋ ಗೇರು, ಬೇಕಾದ್ರೆ ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ, ಆಮೇಲೆ ಲಿವರ್ ಎಳಿ."

"ಇಷ್ಟೆಲ್ಲ ಕೇಳಿದ್ಮೇಲೆ ನಂಗೆ ಜಪಾನಿಂದೇ ಬೇಕು."

"ಅವರಿಗೆ ನಮ್ಮದು ಬೇಕಂತೆ," ಅಂದರು ರಾಜಣ್ಣ. "ಗುರುಗ್ರಾಮದಲ್ಲಿ ಮಾಡಿದ ಇದೇ ಐದು ಬಾಗಿಲಿಂದು 'ಜಿಮ್ನಿ ನೊಮಾಡ್' ಅನ್ನೋ ಹೆಸರಲ್ಲಿ 2025ರ ಜನವರಿ ಕೊನೆಯಲ್ಲಿ ಅಲ್ಲಿಗೆ ಹೋಯ್ತು. ನಾಲ್ಕೇ ದಿನದಲ್ಲಿ 50,000 ಬುಕಿಂಗು, 'ಸಾಕು ಮಾರಾಯ್ರೆ' ಅಂತ ಕಂಪನಿಯವರೇ ಆರ್ಡರ್ ನಿಲ್ಲಿಸಿದ್ರು. ಇಲ್ಲಿ ರಿಯಾಯಿತಿ ಕೊಟ್ಟು ಮಾರಿದ ಗಾಡಿ!"

ಸೀನ ಲೋಟ ಕೆಳಗಿಟ್ಟ. "ಅಲ್ಲಿ ಅದಕ್ಕೆ ಯಾವ ಬಣ್ಣದ ಪ್ಲೇಟು?"

"ಬಿಳಿ."

"ಸದ್ಯ, ಮಾನ ಉಳೀತು."