ನಾಳೆಯಿಂದ ಅಂಗಡಿ ತೆಗೆಯಬಹುದಂತೆ. ಎರಡನೇ ಡೋಸ್ ಆಗುವವರೆಗೆ ಕಾಯಲಾ?

ಟೈಲರಕ್ಕ, ಹನುಮಂತನಗರ
ಜೂನ್ 20, 2021

ಎಲ್ಲರಿಗೂ ನಮಸ್ಕಾರ. ಹನುಮಂತನಗರದಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಎಂಟಡಿ ಅಗಲ, ಹತ್ತಡಿ ಉದ್ದ. ಒಂದೇ ಶಟರ್, ಕಿಟಕಿ ಇಲ್ಲ. ಕೊರೊನಾ ಲಾಕ್‌ಡೌನ್ ಅಂತ ಏಪ್ರಿಲ್ ಕೊನೆಯಲ್ಲಿ ಶಟರ್ ಎಳೆದವಳು ಇನ್ನೂ ತೆಗೆದಿಲ್ಲ. ಈಗ ಬೆಂಗಳೂರಲ್ಲಿ ನಾಳೆಯಿಂದ ಎಲ್ಲಾ ಅಂಗಡಿ ಸಂಜೆ 5ರವರೆಗೆ ತೆಗೆಯಬಹುದು ಎಂದು ನಿನ್ನೆ ಮುಖ್ಯಮಂತ್ರಿಗಳು ಹೇಳಿದ್ದಾರೆ. ಶುಕ್ರವಾರ ಸಂಜೆ 7ರಿಂದ ಸೋಮವಾರ ಬೆಳಿಗ್ಗೆವರೆಗೆ ಮಾತ್ರ ಮತ್ತೆ ಬಂದ್.

ತೆಗೆಯಲಾ ಬೇಡವಾ ಎಂದು ಗೊತ್ತಾಗುತ್ತಿಲ್ಲ. ನನಗೆ 47 ವರ್ಷ, ಶುಗರ್ ಇದೆ. ಏಪ್ರಿಲ್ 9ಕ್ಕೆ ಕೋವಿಶೀಲ್ಡ್ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡೆ. ಆಗ ಆರರಿಂದ ಎಂಟು ವಾರ ಬಿಟ್ಟು ಬನ್ನಿ ಎಂದಿದ್ದರು. ಜೂನ್ ಮೊದಲ ವಾರಕ್ಕೆ ಮುಗಿಯುತ್ತೆ ಎಂದು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೆ. ಮೇ ತಿಂಗಳಲ್ಲಿ ಅದನ್ನು 12ರಿಂದ 16 ವಾರ ಮಾಡಿಬಿಟ್ಟರು. ಈಗ ಜುಲೈ 2ರವರೆಗೆ ಕಾಯಬೇಕು. ಮಗಳಿಗೆ 21. ಅವಳಿಗೆ ಒಂದೂ ಆಗಿಲ್ಲ. ಲಸಿಕೆ ಬುಕ್ ಮಾಡುವ ಕೋವಿನ್ ವೆಬ್‌ಸೈಟ್ ತೆರೆದುಕೊಂಡು ಕೂರುತ್ತಾಳೆ, ಓಟಿಪಿ ಬಂದು ಹಾಕುವಷ್ಟರಲ್ಲಿ ಸ್ಲಾಟ್ ಖಾಲಿ. ಅವಳ ಸ್ನೇಹಿತೆ ಹೊಸಕೋಟೆವರೆಗೆ ಹೋಗಿ ಹಾಕಿಸಿಕೊಂಡು ಬಂದಳಂತೆ.

ಕಿರಾಣಿ ಅಂಗಡಿ ಆದರೆ ಹಗ್ಗ ಕಟ್ಟಿ ದೂರ ನಿಲ್ಲಿಸಬಹುದು. ನನ್ನ ಕೆಲಸ ಹಾಗಲ್ಲ. ಟೇಪು ಹಿಡಿದು ಅಪ್ಪಿಕೊಂಡಷ್ಟು ಹತ್ತಿರ ಹೋಗಬೇಕು. ಅವರ ಉಸಿರು ನನ್ನ ಕಿವಿಗೆ ತಾಗುತ್ತೆ. ಮಾಸ್ಕ್ ಹಾಕಿದರೂ ಅಷ್ಟು ಹತ್ತಿರ ಅಂದರೆ ಭಯ.

ದುಡ್ಡಿನ ಮಾತು: ಬಾಡಿಗೆ ಎರಡು ತಿಂಗಳದ್ದು ಬಾಕಿ. ಹೋದ ವರ್ಷ ಲೈನಿಂಗ್ ಬಟ್ಟೆಯಲ್ಲಿ ಮಾಸ್ಕ್ ಹೊಲಿದು ಹೇಗೋ ದೂಡಿದೆವು. ಈ ಸಲ ಎಲ್ಲರಿಗೂ ಎನ್ 95 ಬೇಕು, ಬಟ್ಟೆ ಮಾಸ್ಕ್ ಕೇಳುವವರಿಲ್ಲ. ಅಂಗಡಿಯಲ್ಲಿ 23 ಬ್ಲೌಸ್ ಹಾಗೇ ನೇತಾಡುತ್ತಿವೆ. ಅಕ್ಷಯ ತೃತೀಯದ ಮದುವೆಗಳದ್ದೇ ಜಾಸ್ತಿ. ಮನೆಯಲ್ಲೇ 40 ಜನ ಸೇರಿ ಮದುವೆ ಮುಗಿಸಿದರು, ಹುಡುಗಿ ಹಳೇ ಬ್ಲೌಸ್ ಹಾಕಿಕೊಂಡೇ ಹಸೆಮಣೆ ಏರಿದಳು.

ಇನ್ನೊಂದು ಕೇಳಬೇಕು. ಆ 23ರಲ್ಲಿ ಒಂದು ಹಸಿರು ಮೈಸೂರು ಸಿಲ್ಕಿನದು. ಕೊಟ್ಟವರು ಮೇ ತಿಂಗಳಲ್ಲಿ ತೀರಿಕೊಂಡರು. ಹನ್ನೊಂದು ವರ್ಷದಿಂದ ನನ್ನ ಹತ್ತಿರವೇ ಹೊಲಿಸುತ್ತಿದ್ದರು. 200 ಅಡ್ವಾನ್ಸ್ ಕೊಟ್ಟಿದ್ದಾರೆ, 250 ಬಾಕಿ. ಹುಕ್ಕು, ಕಾಜಾ ಎಲ್ಲಾ ಆಗಿದೆ. ಮನೆಯವರಿಗೆ ಫೋನ್ ಮಾಡಲಾ? ಮಾಡಿದರೆ ದುಡ್ಡಿಗೆ ಮಾಡಿದ ಹಾಗಾಗುತ್ತೆ. ಮಾಡದಿದ್ದರೆ ದಿನಾ ಕಣ್ಣೆದುರು ಅದೇ.

ನೋಡೋಣ_ಬಿಡಿ

ಸುಮ್ನೆ ತೆಗೀರಿ ಅಕ್ಕ. ಬರೋದಿದ್ದರೆ ಮನೆಯಲ್ಲಿ ಕೂತರೂ ಬರುತ್ತೆ.

ಲಸಿಕೆ ಸಿಸ್ಟರ್

ಮೇಲಿನವರ ಮಾತು ಕೇಳಬೇಡಿ. ನಾನು ಲಸಿಕೆ ಹಾಕುವ ಕೆಲಸದಲ್ಲೇ ಇದ್ದೇನೆ. ಒಂದು ಡೋಸ್ ಆಗಿರುವುದು ಒಳ್ಳೆಯದೇ, ಆದರೆ ಅದನ್ನೇ ಪೂರ್ತಿ ನಂಬಬೇಡಿ. ಶುಗರ್ ಬೇರೆ ಇದೆ. ಜುಲೈ 2ಕ್ಕೆ ಮೊದಲು ಬಂದು ಜಗಳ ಮಾಡಿದರೂ ಪ್ರಯೋಜನವಿಲ್ಲ, 84 ದಿನ ಆಗದೆ ಕೋವಿನ್ ತೆಗೆದುಕೊಳ್ಳುವುದಿಲ್ಲ. ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರಿಗೆ, ಮತ್ತೆ ಟೋಕಿಯೋ ಒಲಿಂಪಿಕ್ಸ್‌ಗೆ ಹೋಗುವವರಿಗೆ ಮಾತ್ರ 28 ದಿನಕ್ಕೆ ಕೊಡಬಹುದು ಎಂದಿದ್ದಾರೆ. ಎರಡನೆಯದು ಆದ ಮೇಲೂ ಎರಡು ವಾರ ಬಿಡಬೇಕು.

ಮಗಳಿಗೆ ಹೇಳಿ, ಜೂನ್ 21ರಿಂದ 18 ವರ್ಷ ದಾಟಿದ ಎಲ್ಲರಿಗೂ ಸರ್ಕಾರಿ ಕೇಂದ್ರದಲ್ಲಿ ಉಚಿತ. ಸ್ಲಾಟ್ ಇಲ್ಲದೆಯೂ ನೇರವಾಗಿ ಹೋಗಿ ಕೇಳಬಹುದು. ಸ್ಟಾಕ್ ಇದ್ದ ದಿನ ಸಿಗುತ್ತೆ, ಬೆಳಿಗ್ಗೆ ಬೇಗ ಹೋಗಬೇಕು ಅಷ್ಟೆ. ಖಾಸಗಿಯಲ್ಲಿ ಕೋವಿಶೀಲ್ಡ್‌ಗೆ 780ರ ಮೇಲೆ ತೆಗೆದುಕೊಳ್ಳುವಂತಿಲ್ಲ.

ಅಂಗಡಿ ತೆಗೆದರೆ ಶಟರ್ ಪೂರ್ತಿ ಎತ್ತಿ. ಅರ್ಧ ಎಳೆದುಕೊಂಡು ಒಳಗೆ ಕೂರಬೇಡಿ, ನಾಲ್ಕು ಜನರ ಉಸಿರು ಅಲ್ಲೇ ಸುತ್ತುತ್ತಿರುತ್ತೆ. ಟೇಬಲ್ ಫ್ಯಾನ್ ಇದ್ದರೆ ಬೀದಿ ಕಡೆ ತಿರುಗಿಸಿ.

ಸೂಜಿ ದಾರ, ಯಶವಂತಪುರ

ಅಕ್ಕ, ನಾನೂ ಟೈಲರ್, 19 ವರ್ಷದಿಂದ. ನಾನು ಹೇಳುವುದು ಒಂದೇ. ಪಂಚಾಂಗ ನೋಡಿ. ಜುಲೈ ಎರಡನೇ ವಾರ ಆಷಾಢ ಶುರು. ಮದುವೆ ಇಲ್ಲ, ಮುಂಜಿ ಇಲ್ಲ. ಕೊರೊನಾ ಇಲ್ಲದ ವರ್ಷವೇ ಆ ತಿಂಗಳು ನಾವು ನೊಣ ಹೊಡೆಯುತ್ತೇವೆ, ಅಲ್ವಾ? ವರಮಹಾಲಕ್ಷ್ಮಿ ಇರುವುದು ಆಗಸ್ಟ್ 20ಕ್ಕೆ. ಆರ್ಡರ್ ಬರುವುದು ಜುಲೈ ಕೊನೆಯಿಂದ. ಅಷ್ಟರಲ್ಲಿ ನಿಮ್ಮ ಎರಡನೇ ಡೋಸೂ ಆಗಿ ಎರಡು ವಾರವೂ ಕಳೆದಿರುತ್ತೆ. ಹಾಗಾಗಿ ಈಗ ಬರೀ ಹೊಲಿದದ್ದನ್ನು ಕೊಡಲು ಅಂಗಡಿ ತೆಗೆಯಿರಿ. 23 ಬ್ಲೌಸಿನ ಬಾಕಿ ಬಂದರೆ ಒಂದು ತಿಂಗಳ ಬಾಡಿಗೆ ಹೋಯಿತು.

ಹೊಸದು ಬಂದರೆ ಅಳತೆ ಬ್ಲೌಸ್ ತಂದವರದು ಮಾತ್ರ ತೆಗೆದುಕೊಳ್ಳಿ. ಮೈ ಅಳತೆ ಬೇಡ. ಟ್ರಯಲ್ ಪರದೆ ಬಿಚ್ಚಿಡಿ. ಎರಡು ತಿಂಗಳು ಮನೆಯಲ್ಲಿ ಕೂತು ಎಲ್ಲರೂ ದಪ್ಪ ಆಗಿದ್ದಾರೆ, ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟು ಹೊಲಿಯಿರಿ, ಆಮೇಲೆ ಬಿಚ್ಚಿಕೊಡಬಹುದು. ಅಳತೆ ತೆಗೆಯಲೇಬೇಕು ಎಂದರೆ ಹಿಂದೆ ನಿಂತು ತೆಗೆಯಿರಿ. ನಂಬರ್ ಕೂಗಿ ಹೇಳಿ ಬರೆಸುವ ಅಭ್ಯಾಸ ಇದ್ದರೆ ಬಿಡಿ. ನಾನು ಟೇಪಿನ ಮೇಲೆ ಬೆರಳಿಟ್ಟುಕೊಂಡೇ ಟೇಬಲ್ಲಿಗೆ ಬಂದು ಬರೆದುಕೊಳ್ಳುತ್ತೇನೆ. ಬಂದ ಅಳತೆ ಬ್ಲೌಸ್‌ಗಳನ್ನೆಲ್ಲ ಸೋಪಿನ ನೀರಲ್ಲಿ ನೆನೆಸಿ ಒಣಗಿಸಿಬಿಡಿ.

ಸರ್ಕಾರದ ಸೇವಾ ಸಿಂಧು ವೆಬ್‌ಸೈಟ್‌ನಲ್ಲಿ 2,000 ರೂಪಾಯಿ ಲಾಕ್‌ಡೌನ್ ಪರಿಹಾರಕ್ಕೆ ಅರ್ಜಿ ಹಾಕಿದಿರಾ? ಟೈಲರ್‌ಗಳೂ ಆ ಪಟ್ಟಿಯಲ್ಲಿದ್ದಾರೆ.

ಲಸಿಕೆ ಸಿಸ್ಟರ್

ಬಟ್ಟೆ ಒಗೆಯುವುದು ಅಂಥ ಮುಖ್ಯ ಅಲ್ಲ. ಬಟ್ಟೆಯಿಂದ ಬರುವುದಕ್ಕಿಂತ ಗಾಳಿಯಿಂದ ಬರುವುದೇ ಜಾಸ್ತಿ. ಒಗೆಯುವ ಹೊತ್ತನ್ನು ಆ ಶಟರ್ ತೆರೆದಿಡುವುದಕ್ಕೆ ಕೊಡಿ.

ಸೂಜಿ ದಾರ, ಯಶವಂತಪುರ

ಆಯ್ತು ಸಿಸ್ಟರ್. ಆದರೂ ಬೇರೆಯವರ ಬೆವರು, ಒಗೆದರೆ ನಷ್ಟವೇನಿಲ್ಲ.

ಗಿರಿನಗರದ ಸೊಸೆ

ಅಕ್ಕ, ಆ ಹಸಿರು ಬ್ಲೌಸಿನ ವಿಷಯ. ಫೋನ್ ಮಾಡಿ. ನಮ್ಮ ಅತ್ತೆ ಹೋದ ವರ್ಷ ಆಗಸ್ಟ್‌ನಲ್ಲಿ ಹೋದರು. ಚಪ್ಪಲಿ ರಿಪೇರಿಗೆ ಕೊಟ್ಟಿದ್ದರು. ನಮಗೆ ಗೊತ್ತೇ ಇರಲಿಲ್ಲ. ಆ ಮನುಷ್ಯ ಮೂರು ತಿಂಗಳು ಇಟ್ಟುಕೊಂಡಿದ್ದು ಮನೆ ಹುಡುಕಿಕೊಂಡು ಬಂದು ಕೊಟ್ಟು ಹೋದರು. ದುಡ್ಡು ಬೇಡ ಎಂದರೂ ನಮ್ಮವರು ಕೊಟ್ಟರು. ನೀವು ದುಡ್ಡಿನ ಮಾತೇ ಎತ್ತಬೇಡಿ, ಅವರೇ ಕೇಳುತ್ತಾರೆ. ಬೆಳಿಗ್ಗೆ ಹೊತ್ತು ಮಾಡಬೇಡಿ, ಮಧ್ಯಾಹ್ನ ಊಟ ಆದ ಮೇಲೆ ಮಾಡಿ.

ಟೈಲರಕ್ಕ, ಹನುಮಂತನಗರ
ಜೂನ್ 24, 2021

ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್, ಒಲಿಂಪಿಕ್ಸ್‌ಗೆ ನನ್ನನ್ನು ಯಾರೂ ಕರೆದಿಲ್ಲ. ನಾನು ಹೋದರೆ ಗಾಂಧಿ ಬಜಾರಿಗೆ ಫಾಲ್ಸ್ ತರಲು, ಅಷ್ಟೆ. ಹಾಗಾಗಿ ಜುಲೈ 2ಕ್ಕೇ ಬರುತ್ತೇನೆ.

ಮಂಗಳವಾರದಿಂದ ಬೆಳಿಗ್ಗೆ 10ರಿಂದ 2ರವರೆಗೆ ತೆಗೆಯುತ್ತಿದ್ದೇನೆ, ಕೊಡುವುದಕ್ಕೆ ಮಾತ್ರ. ಹೊಲಿಗೆ ಮೆಷಿನ್ನನ್ನು ಶಟರ್ ಪಕ್ಕಕ್ಕೆ ಎಳೆದುಕೊಂಡೆ. ಮೊದಲ ದಿನ ಶಟರ್ ಎತ್ತಿದಾಗ ಮೆಷಿನ್ ಎಣ್ಣೆ ಆರಿ ಕೈಚಕ್ರ ತಿರುಗಲೇ ಇಲ್ಲ. ಒಂಬತ್ತು ಬ್ಲೌಸ್ ಹೋಗಿವೆ. ಆಷಾಢ ಇಷ್ಟು ವರ್ಷದಲ್ಲಿ ಮೊದಲ ಸಲ ಉಪಯೋಗಕ್ಕೆ ಬರುತ್ತಿದೆ. ಪರಿಹಾರಕ್ಕೆ ಅರ್ಜಿ ಹಾಕಿದೆ, ದುಡ್ಡು ಇನ್ನೂ ಬಂದಿಲ್ಲ. ಮಗಳು ನಿನ್ನೆ ಬೆಳಿಗ್ಗೆ ಆರೂವರೆಗೇ ಹೋಗಿ ನಿಂತಳು. ಟೋಕನ್ 80 ಕೊಟ್ಟರಂತೆ, ಇವಳದು 71.

ಫೋನ್ ಮಾಡಿದೆ. ಅವರ ಮಗಳು ಎತ್ತಿದಳು. ಬ್ಲೌಸ್ ಆಗಿದೆ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದು ಇರಲಿ ಆಂಟಿ, ಅಮ್ಮ ಅಳತೆಗೆ ಅಂತ ಹಳೇದೊಂದು ಕೊಟ್ಟಿದ್ದರಲ್ಲ, ಅದು ಇದೆಯಾ?" ಎಂದಳು. ಇದೆ. ಕಂದು ಬಣ್ಣದ ಕಾಟನ್, ಕಂಕುಳಲ್ಲಿ ಬಣ್ಣ ಹೋಗಿದೆ. ಎದೆ ಹತ್ತಿರ ಒಂದು ಸೇಫ್ಟಿ ಪಿನ್ನು ಇನ್ನೂ ಹಾಗೇ ಇದೆ. ಹೊಸದನ್ನು ಆಮೇಲೆ ಒಯ್ಯುತ್ತೇನೆ, ಇದನ್ನು ನಾಳೆಯೇ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದಳು.

ಯಶವಂತಪುರದ ಅಣ್ಣ, ನೀವು ಹೇಳಿದಿರಿ ಎಂದು ಉಳಿದ ಅಳತೆ ಬ್ಲೌಸ್‌ಗಳನ್ನೆಲ್ಲ ಅವತ್ತೇ ನೆನೆಸಿದ್ದೆ. ಇದೊಂದನ್ನು ಮಾತ್ರ, ಯಾಕೋ, ಬಕೆಟ್ಟಿಗೆ ಹಾಕಿರಲಿಲ್ಲ.