ನಲವತ್ತು ನಿಮಿಷ, ಎಲ್ಲಿಂದ ಎಲ್ಲಿಗೆ?

ಗುಂಪು: ಅಜ್ಜಿಮನೆ
ಶನಿವಾರ

ತಮ್ಮ, ರಾತ್ರಿ 7:48
[ಚಿತ್ರ] "ಬಿಡದಿ ಸಮೀಪ, ಬೈರಮಂಗಲ ಕೆರೆಯ ನೋಟ! ಮೂವತ್ತು ನಲವತ್ತರ ನಿವೇಶನಗಳು. ನಗರದಿಂದ ಕೇವಲ 40 ನಿಮಿಷ. ಹಳ್ಳಿಯ ನೆಮ್ಮದಿ, ಪೇಟೆಯ ಸೌಕರ್ಯ."
ಎಲ್ಲರೂ ಒಮ್ಮೆ ನೋಡಿ. ಮುಂಗಡ ಕೊಡಲು ಬುಧವಾರವೇ ಕಡೆಯ ದಿನವಂತೆ. ಕಳೆದ ಭಾನುವಾರ ಹೋಗಿ ಬಂದೆ. ಮನೆ ಬಿಟ್ಟ 42ನೇ ನಿಮಿಷಕ್ಕೆ ಅಲ್ಲಿದ್ದೆ.

ದೊಡ್ಡಪ್ಪ (ಬಸವನಗುಡಿ), ರಾತ್ರಿ 7:55
ಭೂಪರಿವರ್ತನೆ ಆಗಿದೆಯೇ? ಪಂಚಾಯಿತಿಯ ಇ-ಸ್ವತ್ತು ದಾಖಲೆಯಲ್ಲಿ ಕ್ರಮಬದ್ಧ ನಿವೇಶನದ ನಮೂನೆ 11-ಎ ಕೊಡುತ್ತಾರೋ, ಕ್ರಮಬದ್ಧವಲ್ಲದ್ದರ 11-ಬಿ ಕೊಡುತ್ತಾರೋ? ಇನ್ನೊಂದು ವಿಷಯ. ಸರ್ಕಾರದ ಬಿಡದಿ ಟೌನ್‌ಶಿಪ್ ಯೋಜನೆಗೆ ಭೂಮಿ ಬಿಟ್ಟುಕೊಡುವುದಿಲ್ಲ ಎಂದು ಬೈರಮಂಗಲ, ಕಂಚುಗಾರನಹಳ್ಳಿಯ ರೈತರು ಹೋರಾಡುತ್ತಿರುವುದನ್ನು ಪತ್ರಿಕೆಯಲ್ಲಿ ಓದಿಲ್ಲವೇ? ಈ ಸರ್ವೆ ನಂಬರ್ ಆ ಯೋಜನೆಯ ಭೂಸ್ವಾಧೀನ ಅಧಿಸೂಚನೆಯ ಒಳಗಿದೆಯೋ ಹೊರಗಿದೆಯೋ, ಮೊದಲು ಅದನ್ನು ತಿಳಿದುಕೋ.

ತಮ್ಮ, ರಾತ್ರಿ 7:57
ಎಲ್ಲ ದಾಖಲೆಯೂ ಸರಿ ಇದೆ ಎಂದು ಹೇಳಿದ್ದಾರೆ ದೊಡ್ಡಪ್ಪ.

ದೊಡ್ಡಪ್ಪ, ರಾತ್ರಿ 7:57
ಹೇಳಿದವರು ಯಾರು? ಮಾರುವವರು. ನೀನು ಕಣ್ಣಾರೆ ಕಂಡೆಯಾ?

ಅತ್ತೆ (ಕೆಂಗೇರಿ), ರಾತ್ರಿ 8:06
ಕೆರೆಯ ನೋಟ ಎಂಬ ಮಾತು ಓದಿ ನನಗೆ ಸಂಕಟವಾಯಿತು. ಆ ಕೆರೆಗೆ ಬರುವ ನೀರು ಯಾವುದು ಗೊತ್ತೇ? ವೃಷಭಾವತಿ. ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳು ಎಂದು ನಮ್ಮ ಅಮ್ಮ ಕೈಮುಗಿಯುತ್ತಿದ್ದ ನದಿ ಅದು. ಈಗ ನಿನ್ನ ದೊಡ್ಡಪ್ಪನ ಬೀದಿಯ ಕೊಳಚೆ ಹೊತ್ತುಕೊಂಡು ನಮ್ಮ ಕೆಂಗೇರಿಯ ಪಕ್ಕದಲ್ಲೇ ಹರಿದು ಬೈರಮಂಗಲಕ್ಕೆ ಹೋಗಿ ಬೀಳುತ್ತದೆ. ಅಲ್ಲಿ ನೊರೆ ಏಳುವುದನ್ನು ನಾನು ನೋಡಿದ್ದೇನೆ. ಭಾನುವಾರ ಗಾಳಿ ಯಾವ ಕಡೆಗೆ ಬೀಸುತ್ತಿತ್ತು ಮಗು? ಸಂಜೆಯವರೆಗೆ ಅಲ್ಲಿ ನಿಂತಿದ್ದೆಯಾ?

ತಮ್ಮ, ರಾತ್ರಿ 8:21
ಅತ್ತೆ, ದೊಡ್ಡಪ್ಪ, ನಿಮ್ಮಿಬ್ಬರ ಮೇಲೂ ಗೌರವವಿದೆ. ಆದರೆ ನಿಮಗೆ ಸ್ವಂತ ಸೂರಿದೆ. ದೊಡ್ಡಪ್ಪ ಇರುವುದು ಅಜ್ಜ ಕಟ್ಟಿಸಿದ ಮನೆಯಲ್ಲಿ. ನಾನು ಬನಶಂಕರಿಯ ಎರಡು ಕೋಣೆಗೆ ತಿಂಗಳಿಗೆ 28 ಸಾವಿರ ಕೊಡುತ್ತಿದ್ದೇನೆ. ಪ್ರತಿ ವರ್ಷ ಬಾಡಿಗೆ ಏರುತ್ತದೆ. ಮಗ ಬರೆದ ಚಿತ್ರ ತೂಗುಹಾಕಲು ಒಂದು ಮೊಳೆ ಹೊಡೆದೆವು, ಮಾಲೀಕರು ಮುಂಗಡದಲ್ಲಿ ಹಿಡಿದುಕೊಳ್ಳುತ್ತೇವೆ ಎಂದರು. ಅವನು ಚೆಂಡಾಡುವುದು ಕಾರುಗಳ ನಡುವೆ. ಊರೊಳಗೆ ನನ್ನ ಸಂಬಳಕ್ಕೆ ಒಂದು ಕಾರು ನಿಲ್ಲಿಸುವಷ್ಟು ಜಾಗವೂ ಸಿಗುವುದಿಲ್ಲ. ಅತ್ತೆ, ನೀವು ಕೆಂಗೇರಿಗೆ ಹೋದಾಗ ಅದೂ ದೂರವೇ ಆಗಿತ್ತಲ್ಲವೇ? ಇಂದು ಮನೆಯ ಹತ್ತಿರವೇ ಮೆಟ್ರೋ ಇದೆ. ಬಿಡದಿಗೂ ಎಲ್ಲ ಬರುತ್ತದೆ.

ಅತ್ತೆ, ರಾತ್ರಿ 8:40
ಬರುತ್ತದೆ. ಯಾರ ಕಾಲಕ್ಕೆ ಬರುತ್ತದೆ ಎಂಬುದನ್ನೇ ನಾನು ಕೇಳುತ್ತಿರುವುದು.
ನಾವು ಕೆಂಗೇರಿ ಉಪನಗರಕ್ಕೆ ಬಂದದ್ದು 1994ರಲ್ಲಿ. ಆಗ ಇಲ್ಲಿ ಪುರಸಭೆ. 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿಸಿದರು. ಕೆಂಗೇರಿಗೆ ಮೆಟ್ರೋ ಬಂದದ್ದು 2021ರ ಆಗಸ್ಟ್‌ನಲ್ಲಿ. ನಿನ್ನ ಮಾವ ನಿವೃತ್ತರಾದದ್ದು 2018ರಲ್ಲಿ. 24 ವರ್ಷ ಬಸ್ಸಿನ ಕಂಬಿ ಹಿಡಿದು ನಿಂತ ಮನುಷ್ಯ ಕಚೇರಿಗೆಂದು ಒಂದು ದಿನವೂ ಮೆಟ್ರೋ ಹತ್ತಲಿಲ್ಲ. ಈಗ ಹತ್ತುತ್ತಾರೆ, ಹೃದಯದ ವೈದ್ಯರನ್ನು ಕಾಣಲು.
ನೀರಿನ ಕಥೆ ಇನ್ನೂ ಕಷ್ಟದ್ದು. 2007ರಲ್ಲಿ ಪಾಲಿಕೆಗೆ 110 ಹಳ್ಳಿಗಳನ್ನು ಸೇರಿಸಿದರಲ್ಲ, ಅವುಗಳಿಗೆಂದೇ ರೂಪಿಸಿದ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. 17 ವರ್ಷ! ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಲಕ್ಷಗಟ್ಟಲೆ ಕೊಟ್ಟು ಮನೆ ಕೊಂಡವರು ಟ್ಯಾಂಕರ್ ಹಿಂದೆ ಓಡಿದ್ದನ್ನು ಎಲ್ಲರೂ ನೋಡಿದ್ದೇವೆ. ಅವು ಪಾಲಿಕೆಯ ಒಳಗಿದ್ದ ಊರುಗಳು. ನೀನು ಹೊರಟಿರುವುದು ಅದರ ಹೊರಗೆ.

ದೊಡ್ಡಪ್ಪ, ರಾತ್ರಿ 8:44
ಕೆಂಗೇರಿ ಭಾವನವರ (ನಿನ್ನ ಮಾವನ) ಓಡಾಟ ದಿನಕ್ಕೆ ಎರಡೂವರೆ ಗಂಟೆ. ವರ್ಷಕ್ಕೆ 280 ದಿನ ಎಂದರೂ 24 ವರ್ಷಕ್ಕೆ 16,800 ಗಂಟೆ. ಹಗಲು ರಾತ್ರಿ ಸೇರಿಸಿ ಎಣಿಸಿದರೆ 700 ದಿನ.

ಮಾವ (ಕೆಂಗೇರಿ), ರಾತ್ರಿ 8:52
ನನ್ನ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ಮನೆ ಕಟ್ಟಿದ್ದಕ್ಕೆ ನನಗೆ ಒಂದು ದಿನವೂ ಬೇಸರವಾಗಿಲ್ಲ. ಬಾಡಿಗೆ ಕಟ್ಟುತ್ತಲೇ ಇದ್ದಿದ್ದರೆ ಮಗಳನ್ನು ಎಂಜಿನಿಯರಿಂಗ್ ಓದಿಸಲು ಆಗುತ್ತಿರಲಿಲ್ಲ. ನನ್ನನ್ನು ಕೇಳಿದರೆ ಮತ್ತೆ ಅದನ್ನೇ ಮಾಡುತ್ತೇನೆ. ಆದರೆ ನಾನು ಬೆಳಿಗ್ಗೆ ಹೊರಟುಬಿಡುತ್ತಿದ್ದೆ. ಎರಡು ದಿನಕ್ಕೊಮ್ಮೆ ನಡುರಾತ್ರಿ ಬರುತ್ತಿದ್ದ ನೀರಿಗೆ ಎದ್ದು ಕೂತವಳು ನಿಮ್ಮ ಅತ್ತೆ. ಮಗುವಿಗೆ ಜ್ವರ ಬಂದಾಗ ಆಟೋ ಹುಡುಕಿಕೊಂಡು ಮೈಸೂರು ರಸ್ತೆಯವರೆಗೆ ನಡೆದವಳೂ ಅವಳೇ. ಹಾಗಾಗಿ ನನ್ನ ಉತ್ತರ ಅರ್ಧ ಉತ್ತರ.

ಭಾವ (ಚನ್ನಪಟ್ಟಣ), ರಾತ್ರಿ 9:03
ನಾನು 26 ವರ್ಷ ಚನ್ನಪಟ್ಟಣದಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿದವನು. ಮಾಸಿಕ ಪಾಸು, ಗೊತ್ತಿರುವ ಬೋಗಿ, ಗೊತ್ತಿರುವ ಮುಖಗಳು. ಹೊರಗಿನ ಬದುಕು ಕೆಟ್ಟದ್ದು ಎಂದು ನಾನು ಒಪ್ಪುವುದಿಲ್ಲ. ಸಂಜೆ ಊರು ತಲುಪಿದರೆ ಮೈ ಹಗುರವಾಗುತ್ತಿತ್ತು. ಆದರೆ ನನ್ನ ಮನೆ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಬಿಡದಿಯಲ್ಲೂ ರೈಲು ನಿಲ್ಲುತ್ತದೆ, ನಿನ್ನ ನಿವೇಶನದಿಂದ ಅಲ್ಲಿಗೆ ನಡೆದು ಹೋಗುವಂತಿಲ್ಲ. ಕಾರಿನಲ್ಲಿ ಎಕ್ಸ್‌ಪ್ರೆಸ್‌ವೇ ಹಿಡಿದರೆ ಬಿಡದಿಗಿಂತ ಈಚೆಗೇ ಕಣಿಮಿಣಿಕೆಯ ಟೋಲ್. ತಿಂಗಳ ಲೆಕ್ಕದಲ್ಲಿ ಅದನ್ನೂ ಬರೆದುಕೊಂಡಿದ್ದೀಯಾ?

ತಮ್ಮ, ರಾತ್ರಿ 9:05
ವಾರಕ್ಕೆ ಮೂರು ದಿನ ಮಾತ್ರ ಕಚೇರಿಗೆ ಹೋಗಬೇಕು. ಟೋಲ್ ಸೇರಿಸಿದರೂ ಬಾಡಿಗೆಗಿಂತ ಕಡಿಮೆ.

ಭಾವ, ರಾತ್ರಿ 9:06
ಕಂಪನಿ ಐದು ದಿನ ಬನ್ನಿ ಎಂದರೆ?

ನಾನು, ರಾತ್ರಿ 9:14
ಒಂದು ಗಂಟೆಯಿಂದ ಓದುತ್ತಿದ್ದೇನೆ. ತಮ್ಮನ ಕಚೇರಿ, ತಮ್ಮನ ಸಂಬಳ, ತಮ್ಮನ ಕಾರು. ಆಸ್ಪತ್ರೆಯ ಕೆಲಸಕ್ಕೆ ವಾರದ ಆರು ದಿನ ಹೋಗುವವಳು ಅವನ ಹೆಂಡತಿ. ಅವಳನ್ನು ಇನ್ನೂ ಯಾರೂ ಕೇಳಿಲ್ಲ, ನಾನೂ ಕೇಳಿರಲಿಲ್ಲ. ನಾದಿನಿ, ನೀನು ಹೇಳಮ್ಮ.

ನಾದಿನಿ, ರಾತ್ರಿ 9:37
ಊಟ ಮುಗಿಸಿ ಈಗ ಫೋನ್ ಹಿಡಿದೆ. ಕೇಳಿದಿರಿ, ಹೇಳುತ್ತೇನೆ.
ನನಗೂ ಸ್ವಂತ ಮನೆ ಬೇಕು. ಆ ಮೊಳೆಯ ದಿನ ಇವರಿಗಿಂತ ಹೆಚ್ಚು ಅತ್ತವಳು ನಾನು. ಆದರೆ ಬೆಳಗಿನ ಪಾಳಿ 7ಕ್ಕೆ ಶುರು. ಸಂಜೆಯ ಪಾಳಿ ಮುಗಿದು ಹೊರಬೀಳುವಾಗ ರಾತ್ರಿ 9:30. ಈಗ ಬನಶಂಕರಿಯಿಂದ ಜಯನಗರಕ್ಕೆ ಒಂದೇ ಬಸ್ಸು, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಹಣವೂ ಉಳಿಯುತ್ತಿದೆ. ಅಲ್ಲಿ ಬಡಾವಣೆಯ ಗೇಟಿನ ಮುಂದೆ ಬಸ್ಸು ಎಷ್ಟು ಹೊತ್ತಿಗೊಂದು ಬರುತ್ತದೆ ಎಂದು ಕೇಳಿದೆ. ತೋರಿಸಲು ಬಂದಿದ್ದವರು ಎಲ್ಲರ ಬಳಿಯೂ ಕಾರು ಇರುತ್ತದೆ ಮೇಡಂ ಎಂದರು. ನನ್ನ ಬಳಿ ಇರುವುದು ಸ್ಕೂಟರ್. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನ ಬಿಡುವುದಿಲ್ಲ. ಸರ್ವೀಸ್ ರಸ್ತೆಯಲ್ಲಿ ರಾತ್ರಿ ಹತ್ತು ಗಂಟೆಗೆ ನಾನು ಒಬ್ಬಳೇ ಬರಬೇಕು.
ಇವರು ಹೇಳುವ 40 ನಿಮಿಷ ಭಾನುವಾರ ಬೆಳಿಗ್ಗೆ ಕಾರಿನದು. ನನ್ನ ನಿಮಿಷಗಳನ್ನು ಯಾರೂ ಎಣಿಸಿ ನೋಡಿಲ್ಲ. ಅಲ್ಲಿಗೆ ಹೋದರೆ ಕೆಲಸ ಬಿಡಬೇಕಾಗುತ್ತದೆ. ಬಿಟ್ಟರೆ ಸಾಲದ ಕಂತು ಕಟ್ಟಲು ಒಂದೇ ಸಂಬಳ ಉಳಿಯುತ್ತದೆ.

ಅತ್ತೆ, ರಾತ್ರಿ 9:39
ಚಿನ್ನದಂಥ ಮಾತು ಹೇಳಿದೆ ತಾಯಿ. 1994ರಲ್ಲಿ ನನಗೆ ಹೀಗೆ ಹೇಳುವ ಧೈರ್ಯ ಇರಲಿಲ್ಲ. ನಾನು ಹೊಲಿಗೆ ತರಗತಿ ನಡೆಸುತ್ತಿದ್ದೆ, ಚಾಮರಾಜಪೇಟೆಯಲ್ಲಿ. ಇಲ್ಲಿಗೆ ಬಂದ ಆರು ತಿಂಗಳಿಗೆ ನಿಲ್ಲಿಸಿದೆ.

ಮಾವ, ರಾತ್ರಿ 9:41
ಅದು ನನಗೂ ನೆನಪಿದೆ.

ತಮ್ಮ, ರಾತ್ರಿ 9:58
ಅವಳು ಇದನ್ನು ನನಗೆ ಎರಡು ಸಲ ಹೇಳಿದ್ದಳು. ಅಲ್ಲಿಗೆ ಹೋದ ಮೇಲೆ ಏನಾದರೂ ವ್ಯವಸ್ಥೆ ಮಾಡಿಕೊಳ್ಳೋಣ ಎಂದು ನಾನೇ ಮಾತು ತೇಲಿಸಿದೆ. ತಪ್ಪಾಯಿತು.
ಆದರೆ ಒಂದು ಮಾತು. ಎಲ್ಲರೂ ಬೇಡ ಎಂದು ಹೇಳಿ ಮಲಗಿಬಿಟ್ಟರೆ ನಾಳೆಯೂ ನಾನು ಬಾಡಿಗೆ ಮನೆಯಲ್ಲೇ ಏಳುತ್ತೇನೆ. ನಾನು ಎಲ್ಲಿಗೆ ಹೋಗಲಿ?

ಅತ್ತೆ, ರಾತ್ರಿ 10:04
ನಮ್ಮ ಕಡೆ ಹಳೆಯ ಮನೆಗಳು ಮಾರಾಟಕ್ಕೆ ಬರುತ್ತವೆ. ಚಿಕ್ಕವು, ಗೋಡೆ ಬಣ್ಣ ಕಾಣದವು. ಮೆಟ್ರೋಗೆ ನಡೆದು ಹೋಗಬಹುದು. ಕೆರೆಯ ನೋಟ ಇರುವುದಿಲ್ಲ, ಬೆಲೆ ನೀನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇರುತ್ತದೆ. ನಾನು ಹಾಲಿನವರನ್ನೂ ಇಸ್ತ್ರಿಯವರನ್ನೂ ವಿಚಾರಿಸುತ್ತೇನೆ, ಅವರಿಗೆ ದಲ್ಲಾಳಿಗಳಿಗಿಂತ ಮೊದಲೇ ಗೊತ್ತಿರುತ್ತದೆ.

ದೊಡ್ಡಪ್ಪ, ರಾತ್ರಿ 10:10
ಬೆಲೆಯಲ್ಲಿ ಕಡಿಮೆ ಬಿದ್ದರೆ ನನ್ನ ಠೇವಣಿಯಿಂದ ಒಂದಿಷ್ಟು ಕೊಡುತ್ತೇನೆ. ಬಡ್ಡಿ ಬೇಡ. ಅಜ್ಜ ಕಟ್ಟಿಸಿದ ಮನೆಯಲ್ಲಿ ನಿನ್ನ ಅಪ್ಪನ ಪಾಲಿನ ಮಾತು ಬಾಕಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಾ.

ನಾದಿನಿ, ರಾತ್ರಿ 10:16
ಬುಧವಾರಕ್ಕೆ ಮೊದಲು ನನ್ನದೊಂದು ಬೇಡಿಕೆ. ಸೋಮವಾರ ನನಗೆ ಬೆಳಗಿನ ಪಾಳಿ. ಅಂದು ಬನಶಂಕರಿಯಿಂದ ಹೊರಡುವುದಿಲ್ಲ. ಇವರು ನನ್ನನ್ನು ಮುಂಜಾನೆ ಐದಕ್ಕೆ ಆ ಬಡಾವಣೆಯ ಗೇಟಿನಲ್ಲಿ ಇಳಿಸಲಿ. ಅಲ್ಲಿಂದ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುತ್ತೇನೆ. ಇವರೂ ನನ್ನ ಜೊತೆ ಬಸ್ಸಿನಲ್ಲೇ ಬರಲಿ, ಕಾರು ಅಲ್ಲೇ ಇರಲಿ.

ತಮ್ಮ, ರಾತ್ರಿ 10:19
ಬರುತ್ತೇನೆ. ಕಾರನ್ನು ಸಂಜೆ ಹೋಗಿ ತರುತ್ತೇನೆ.

ಭಾವ, ರಾತ್ರಿ 10:21
ಗೇಟಿನಲ್ಲಿ ನಿಂತ ಹೊತ್ತು, ಬಸ್ಸು ಬಂದ ಹೊತ್ತು, ಎರಡನ್ನೂ ಬರೆದಿಡಿ.