ಹಳ್ಳಿಯಲ್ಲಿ ಮನೆ ಕಟ್ಟುವುದು: ಮೊದಲು ಪರವಾನಗಿಯೋ, ಮೊದಲು ಪಾಯವೋ?

ತೆಂಗಿನತೋಟ
ನಮ್ಮದು ತಿಪಟೂರು ಕಡೆಯ ಹಳ್ಳಿ. ಊರೊಳಗೆ ತಾತನ ಕಾಲದ ಹಂಚಿನ ಮನೆ ಇದೆ. ಕಳೆದ ಮಳೆಗಾಲದಲ್ಲಿ ಅದರ ಹಿಂಬದಿಯ ಮಣ್ಣಿನ ಗೋಡೆ ಕುಸಿಯಿತು. ಅಪ್ಪ, ಅಮ್ಮ ಈಗ ಪಡಸಾಲೆಯಲ್ಲೇ ಅಡುಗೆ ಮಾಡಿಕೊಂಡು ಅಲ್ಲೇ ಮಲಗುತ್ತಿದ್ದಾರೆ. ಊರಾಚೆ ರಸ್ತೆಗೆ ಹೊಂದಿಕೊಂಡಂತೆ ಒಂದು ಎಕರೆ ಹತ್ತು ಗುಂಟೆ ತೋಟ ಅಪ್ಪನ ಹೆಸರಿನಲ್ಲಿದೆ. ಅದರ ಮೂಲೆಯಲ್ಲಿ ಮೂರು ಗುಂಟೆ ಬಿಡಿಸಿಕೊಂಡು ಹೊಸ ಮನೆ ಕಟ್ಟಬೇಕೆಂಬುದು ಮನೆಯವರ ಆಸೆ. ಪಂಚಾಯಿತಿಯಲ್ಲಿ ವಿಚಾರಿಸಿದರೆ ‘ತೋಟದಲ್ಲಿ ಪರವಾನಗಿ ಕೊಡಲು ಬರುವುದಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರು. ಬ್ಯಾಂಕಿನವರು ಪಂಚಾಯಿತಿಯ ಆಸ್ತಿ ಮತ್ತು ತೆರಿಗೆ ದಾಖಲೆಗಳಾದ ನಮೂನೆ 9, ನಮೂನೆ 11ಎ, ಜೊತೆಗೆ ನಕ್ಷೆ, ಪರವಾನಗಿ ಎಲ್ಲವನ್ನೂ ಕೇಳುತ್ತಿದ್ದಾರೆ. ‘ಕಾರ್ತಿಕದಲ್ಲಿ ಗುದ್ದಲಿ ಪೂಜೆ ಮಾಡಿ ಪಾಯ ಎಬ್ಬಿಸಿ, ಕಾಗದ ಪತ್ರ ಆಮೇಲೆ ನೋಡಿಕೊಂಡರಾಯಿತು’ ಎನ್ನುತ್ತಾರೆ ಸೋದರಮಾವ. ತಿಳಿದವರು ದಾರಿ ತೋರಿಸಬೇಕು.

ಗಾರೆಮೇಸ್ತ್ರಿ
ನಿಮ್ಮ ಸೋದರಮಾವ ಹೇಳುವುದರಲ್ಲಿ ತಪ್ಪೇನಿಲ್ಲ ಸರ್. ಹಳ್ಳಿಗಳಲ್ಲಿ ನಾನು ಪಾಯ ಹಾಕಿದ ಬಹುಪಾಲು ಮನೆಗಳಿಗೆ ಕಾಗದ ಬಂದದ್ದು ಗೃಹಪ್ರವೇಶದ ನಂತರವೇ. ಅರ್ಜಿ ಹಿಡಿದು ಕಾಯುತ್ತಾ ಕುಳಿತರೆ ಮಳೆ ಹಿಡಿಯುತ್ತದೆ, ಕಂಬಿಯ ಬೆಲೆ ಏರುತ್ತದೆ, ಒಪ್ಪಿಕೊಂಡಿದ್ದ ಕೆಲಸಗಾರರು ಬೇರೆ ಕಡೆ ಹೋಗುತ್ತಾರೆ. ಮೌಲ್ಡ್ ಹಾಕುವ ಹೊತ್ತಿಗೆ ಪಂಚಾಯಿತಿಯವರೂ ಒಪ್ಪುತ್ತಾರೆ. ಕಟ್ಟಿದ ಮನೆಯನ್ನು ಯಾರೂ ಕೆಡವುವುದಿಲ್ಲ.

ಹಳೆಯ ಕಾರ್ಯದರ್ಶಿ
ಮೇಸ್ತ್ರಿಗಳೇ, ನಿಮ್ಮ ಅನುಭವವನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ಸಲಹೆಯನ್ನು ನಂಬಿ ಸಾಲಕ್ಕೆ ಅಲೆದವರನ್ನು ಪಂಚಾಯಿತಿಯ ಮೇಜಿನ ಈಚೆ ಕುಳಿತು ನೋಡಿದ್ದೇನೆ, ಆದ್ದರಿಂದ ಸುಮ್ಮನಿರಲಾರೆ.

1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣ ಸ್ಪಷ್ಟವಾಗಿದೆ. ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಇರುವುದನ್ನು ಮಾರ್ಪಡಿಸುವಂತಿಲ್ಲ. ಕೆಲಸ ನಿಲ್ಲಿಸಲು, ಕೆಡವಲು ನೋಟಿಸ್ ಕೊಡುವ ಅಧಿಕಾರವೂ ಅದೇ ಪ್ರಕರಣದಲ್ಲಿದೆ. ಕೆಡವಿದ್ದನ್ನು ನೀವು ನೋಡಿಲ್ಲದಿರಬಹುದು. ಆದರೆ ಪಕ್ಕದವರಿಗೂ ನಿಮಗೂ ಮನಸ್ತಾಪ ಬಂದ ದಿನ ಅದೇ ನೋಟಿಸ್ ಅವರ ಕೈಯ ಆಯುಧವಾಗುತ್ತದೆ. ಹಳ್ಳಿಯಲ್ಲಿ ದೂರು ಬರುವುದು ಸರ್ಕಾರದಿಂದಲ್ಲ, ದಾಯಾದಿಗಳಿಂದ.

ತೆಂಗಿನತೋಟದವರೇ, ನಿಮ್ಮ ಸಮಸ್ಯೆ ಪರವಾನಗಿಯದ್ದಲ್ಲ, ಆಸ್ತಿಯ ದಾಖಲೆಯದ್ದು. ಪರವಾನಗಿ ಕೊನೆಯ ಮೆಟ್ಟಿಲು. ಅದಕ್ಕೆ ಮೊದಲು ಆ ಜಾಗ ಪಂಚಾಯಿತಿಯ ಲೆಕ್ಕದಲ್ಲಿ ಮನೆ ಕಟ್ಟುವ ಜಾಗವಾಗಿ ಇರಬೇಕು. 2013ರಲ್ಲಿ ಪಂಚಾಯಿತಿ ಆಸ್ತಿಗಳ ದಾಖಲೆಯನ್ನು ಕಂಪ್ಯೂಟರಿಗೆ ತಂದ ಇ-ಸ್ವತ್ತು ಬಂದಾಗಿನಿಂದ ಇದು ಕಟ್ಟುನಿಟ್ಟಾಗಿದೆ. ಗ್ರಾಮಠಾಣಾ, ಅಂದರೆ ಊರಿನ ಮನೆಗಳಿಗೆಂದು ಗುರುತಿಸಿದ ಎಲ್ಲೆಯೊಳಗಿನ ಮನೆ ಮತ್ತು ಹಿತ್ತಲು, ಕೃಷಿಯಿಂದ ವಾಸದ ಬಳಕೆಗೆ ಭೂ ಪರಿವರ್ತನೆಯಾಗಿ ವಿನ್ಯಾಸಕ್ಕೆ ಅನುಮೋದನೆ ಪಡೆದ ನಿವೇಶನ, ಸರ್ಕಾರಿ ವಸತಿ ಯೋಜನೆಯಲ್ಲಿ ಹಂಚಿದ ನಿವೇಶನ, ಇವಕ್ಕೆ ನಮೂನೆ 9 ಮತ್ತು 11ಎ ಸಿಗುತ್ತವೆ. ಇದರ ಹೊರಗೆ ಉಳಿದವು 11ಬಿ ಪಟ್ಟಿಗೆ ಸೇರಿದವು. ಆ ಪಟ್ಟಿಯ ಜಾಗದ ಮೇಲೆ ಗೃಹಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ. ನಿಮ್ಮ ತೋಟ ಇನ್ನೂ ಪಹಣಿಯ ಭೂಮಿ. ಪರಿವರ್ತನೆಯಾಗುವವರೆಗೆ ಅದು ಕಂದಾಯ ಇಲಾಖೆಯ ಲೆಕ್ಕದಲ್ಲಿರುತ್ತದೆ, ಪಂಚಾಯಿತಿಯ ಪುಸ್ತಕಕ್ಕೆ ಬರುವುದೇ ಇಲ್ಲ. ಅವರು ‘ಬರುವುದಿಲ್ಲ’ ಎಂದದ್ದರ ಅರ್ಥ ಅದು. ಕಾರಣವನ್ನು ಬಿಡಿಸಿ ಹೇಳದೆ ಕಳುಹಿಸಿದ್ದು ಮಾತ್ರ ಅವರ ತಪ್ಪು.

ಕೃಷಿಕ
ಕಾರ್ಯದರ್ಶಿಗಳು ಒಂದು ಮುಖ್ಯ ವಿಷಯವನ್ನು ಬಿಟ್ಟಿದ್ದಾರೆ. 1964ರ ಭೂ ಕಂದಾಯ ಅಧಿನಿಯಮದ 95ನೇ ಪ್ರಕರಣವೇ ರೈತನಿಗೆ ತನ್ನ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳುವ ಹಕ್ಕು ಕೊಟ್ಟಿದೆ. ಹಿಡುವಳಿಯ ಶೇಕಡ 10ರಷ್ಟು ಮೀರದಂತೆ ಕುಟುಂಬದ ವಾಸಕ್ಕೆ, ಬೆಳೆ ಇಡಲು, ದನ ಕಟ್ಟಲು ಕಟ್ಟಡ ಬೇಕೆಂದರೆ ಪರಿವರ್ತನೆ ಏಕೆ? ಒಂದು ಎಕರೆ ಹತ್ತು ಗುಂಟೆ ಎಂದರೆ ಐವತ್ತು ಗುಂಟೆ. ಶೇಕಡ ಹತ್ತಕ್ಕೆ ಐದು ಗುಂಟೆ ಆಯಿತು, ಇವರು ಕೇಳುತ್ತಿರುವುದು ಮೂರು. ಕಾನೂನೇ ಕೊಟ್ಟ ಹಕ್ಕನ್ನು ರೈತನಿಗೆ ಹೇಳದೆ ಕಚೇರಿಯಿಂದ ಕಚೇರಿಗೆ ಅಲೆಸುವುದು ಅನ್ಯಾಯ.

ಹಳೆಯ ಕಾರ್ಯದರ್ಶಿ
ಹಕ್ಕು ಇದೆ, ಒಪ್ಪುತ್ತೇನೆ. ಸ್ವಂತ ಹಣದಲ್ಲಿ ಕಟ್ಟುವವರಿಗೆ ಅದು ಒಳ್ಳೆಯ ದಾರಿ. ಆದರೆ ತೋಟದ ಮನೆ ಎಷ್ಟು ದೊಡ್ಡದಾದರೂ ಕೆಳಗಿನ ಭೂಮಿ ಕೃಷಿ ಭೂಮಿಯಾಗಿಯೇ ಉಳಿಯುತ್ತದೆ. ಅದಕ್ಕೆ 9, 11ಎ ಹುಟ್ಟುವುದಿಲ್ಲ. ಇವರಿಗೆ ಬೇಕಿರುವುದು ಸಾಲ. ಬ್ಯಾಂಕಿನವರು ಕೇಳಿದ ನಾಲ್ಕು ಕಾಗದಗಳನ್ನು ಇನ್ನೊಮ್ಮೆ ಓದಿ ನೋಡಿ.

ಗುಡ್ಡದಮನೆ
ಬೆಳ್ತಂಗಡಿ ಕಡೆಯವನು ನಾನು. ಈ ಚರ್ಚೆ ಓದುತ್ತಿದ್ದರೆ ಹೊಟ್ಟೆ ಉರಿಯುತ್ತದೆ. ಗ್ರಾಮಠಾಣಾ ಎನ್ನುತ್ತೀರಿ. ನಮ್ಮ ಕಡೆ ಅಂಥದ್ದು ಎಲ್ಲಿದೆ? ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿ ಊರಾಗಿವೆ, ಹೊಲ ಸುತ್ತ ಇದೆ. ಕರಾವಳಿ, ಮಲೆನಾಡಿನಲ್ಲಿ ಗದ್ದೆ ಅಂಚಿಗೊಂದು ಮನೆ, ಗುಡ್ಡದ ಮೇಲೊಂದು ಮನೆ. ತಲೆತಲಾಂತರದಿಂದ ಮನುಷ್ಯರು ತಮ್ಮ ತೋಟದಲ್ಲೇ ವಾಸಿಸಿದ್ದಾರೆ. ಬಯಲಿನ ಊರನ್ನು ಕಣ್ಣೆದುರು ಇಟ್ಟುಕೊಂಡು ಮಾಡಿದ ನಿಯಮ ನಮ್ಮ ಮೇಲೆ ಬಂದು ಕುಳಿತಿದೆ. ಐದು ಸೆಂಟ್ಸ್ ಜಾಗದಲ್ಲಿ ಮಗನಿಗೊಂದು ಮನೆ ಕಟ್ಟಬೇಕಾದರೂ ಪರಿವರ್ತನೆ, ಆಮೇಲೆ ಏಕ ನಿವೇಶನ ವಿನ್ಯಾಸದ ಅನುಮೋದನೆ, ಆಮೇಲೆ 9/11, ಆಮೇಲೆ ಪರವಾನಗಿ. ಉಡುಪಿ, ದಕ್ಷಿಣ ಕನ್ನಡದಲ್ಲಿ ‘ನೈನ್ ಇಲೆವೆನ್’ ಎಂದರೆ ಇದೇ ಎಂದು ಮಕ್ಕಳಿಗೂ ಗೊತ್ತು. ಒಂದೇ ಮನೆಗೆ ಬಡಾವಣೆಯ ಲೆಕ್ಕಾಚಾರ ಏಕೆ? ದಾಖಲೆ ಮೊದಲು ಎಂಬ ನಿಮ್ಮ ಮಾತು ನಿಮ್ಮ ಊರಿಗೆ ಸರಿ ಕಾರ್ಯದರ್ಶಿಗಳೇ, ನಮಗೆ ಆ ದಾಖಲೆಯ ಬಾಗಿಲೇ ಮುಚ್ಚಿದೆ.

ಹಳೆಯ ಕಾರ್ಯದರ್ಶಿ
ನೀವು ಹೇಳಿದ್ದು ನಿಜ, ಅದಕ್ಕೆ ನನ್ನ ಬಳಿ ಪ್ರತಿವಾದವಿಲ್ಲ. ಚದುರಿದ ಮನೆಗಳ ಊರಿಗೆ ಒಂದಾದರೂ ಬೇರೆ ನಿಯಮ ಇರಬೇಕಿತ್ತು. ಆದರೆ ಅದು ಬರುವ ತನಕ ಕಾಗದವಿಲ್ಲದೆ ಕಟ್ಟಿ ಎಂದು ಹೇಳಲು ನನ್ನಿಂದಾಗದು.

ಬಡಗಣ
ಹೇಳಲು ಆಗದು ಎನ್ನುತ್ತೀರಿ, ಆದರೆ ಹಾಗೆ ಕಟ್ಟಿದವರಿಗೆ ಸರ್ಕಾರವೇ ಹಕ್ಕುಪತ್ರ ಕೊಟ್ಟಿದೆಯಲ್ಲ? 94ಸಿ ಎಂದರೇನು? ಸರ್ಕಾರಿ ಜಾಗದಲ್ಲಿ ಅನುಮತಿ ಇಲ್ಲದೆ ಕಟ್ಟಿದ ಮನೆಯನ್ನು ಸಕ್ರಮ ಮಾಡುವುದು. ಹಾಗಿದ್ದ ಮೇಲೆ ಸ್ವಂತ ತೋಟದಲ್ಲಿ ಕಟ್ಟುವ ಬಡ ರೈತ ಮಾತ್ರ ಏಕೆ ನಿಯಮಕ್ಕೆ ಕಾಯಬೇಕು? ನಿಯಮ ಪಾಲಿಸಿದವನಿಗೆ ಅಲೆದಾಟ, ಪಾಲಿಸದವನಿಗೆ ಸಕ್ರಮ.

ಹಳೆಯ ಕಾರ್ಯದರ್ಶಿ
94ಸಿ ಇರುವುದು ತಲೆಯ ಮೇಲೆ ಸೂರಿಲ್ಲದೆ ಗೋಮಾಳದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡವರಿಗಾಗಿ. ಅದನ್ನು ಒಂದು ಎಕರೆ ತೋಟ ಇರುವವರ ಪರವಾಗಿ ಎಳೆದು ತರಬೇಡಿ. ನೆಲವೇ ಇಲ್ಲದ ಕೂಲಿಯವನ ಪಾಲಿಗೆ ಆ ಹಕ್ಕುಪತ್ರ ದೊಡ್ಡದು. ಅವನಿಗೆ ಸಿಕ್ಕಿದ್ದನ್ನು ಅನ್ಯಾಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಬಡಗಣ
ಅವರಿಗೆ ಸಿಗಬಾರದು ಎಂದು ನಾನು ಹೇಳಲಿಲ್ಲ. ಸಣ್ಣ ಹಿಡುವಳಿಯವನಿಗೂ ಅಷ್ಟೇ ಸರಳವಾದ ದಾರಿ ಬೇಕು ಎಂದೆ. ಅದರಿಂದ ಹಿಂದೆ ಸರಿಯುವುದಿಲ್ಲ.

ನಕ್ಷೆಗಾರ
ಎಂಜಿನಿಯರ್ ಆಗಿ ಒಂದು ಮಾತು. ಪಾಯ ಮೊದಲು ಎನ್ನುವವರು ವಿದ್ಯುತ್ ಸಂಪರ್ಕವನ್ನು ಮರೆಯುತ್ತಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಟ್ಟಡ ನಕ್ಷೆಯ ಪ್ರಕಾರ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ತೀರ್ಪು ಕೊಟ್ಟಿತು. ಮರುವರ್ಷ ನಮ್ಮ ರಾಜ್ಯದಲ್ಲಿ ಎಷ್ಟೋ ಹೊಸ ಮನೆಗಳು ಮೀಟರ್ ಇಲ್ಲದೆ ನಿಂತವು. ಸಣ್ಣ ಮನೆಗಳಿಗೆ ಆಮೇಲೆ ವಿನಾಯಿತಿ ಬಂದಿದೆ, ಅದು ಬೇರೆ ಮಾತು. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಮೇಸ್ತ್ರಿಗಳಿಗೆ ಗೊತ್ತಾಗಬೇಕು. ‘ಕಾಗದ ಆಮೇಲೆ’ ಎಂಬ ಕಾಲ ಹಳ್ಳಿಯಲ್ಲೂ ಮುಗಿಯುತ್ತಿದೆ.

ಗಾರೆಮೇಸ್ತ್ರಿ
ವಿದ್ಯುತ್ತಿನ ವಿಚಾರ ಒಪ್ಪಿದೆ. ಆದರೆ ಅರ್ಜಿ ಕೊಟ್ಟು ಅರವತ್ತು ದಿನ ಕಳೆದರೆ ಅನುಮತಿ ಸಿಕ್ಕಂತೆಯೇ ಎಂದು ಕೇಳಿದ್ದೇನೆ. ಹಾಗಿದ್ದರೆ ಅರ್ಜಿ ಹಾಕಿ ಕೆಲಸ ಶುರು ಮಾಡಿದರೆ ಏನು ತೊಂದರೆ?

ಹಳೆಯ ಕಾರ್ಯದರ್ಶಿ
ಅರವತ್ತು ದಿನದೊಳಗೆ ಪಂಚಾಯಿತಿ ತನ್ನ ತೀರ್ಮಾನ ತಿಳಿಸದಿದ್ದರೆ ಅನುಮತಿ ಸಿಕ್ಕಿದೆ ಎಂದು ಭಾವಿಸಿ ಮುಂದುವರಿಯಬಹುದು, ಇದೂ 64ನೇ ಪ್ರಕರಣದಲ್ಲೇ ಇದೆ. ಅದರ ಬಾಲದಲ್ಲಿ ಇರುವ ಮಾತನ್ನು ಜನ ಓದುವುದಿಲ್ಲ: ಕಾಯ್ದೆ, ನಿಯಮ, ಉಪವಿಧಿಗಳನ್ನು ಮೀರದಂತೆ. ಪರಿವರ್ತನೆಯಾಗದ ಜಮೀನಿಗೆ ಆ ಅರವತ್ತು ದಿನ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ದಾಖಲೆ ಸರಿ ಇದ್ದವರಿಗೆ ಮಾತ್ರ ಅದು ಬಲ. ಅದಕ್ಕೂ ಕೈಯಲ್ಲಿ ಸ್ವೀಕೃತಿ ಇರಬೇಕು. ಬಾಯಿಮಾತಿನಲ್ಲಿ ಕೇಳಿ ಬಾಯಿಮಾತಿನಲ್ಲಿ ಉತ್ತರ ಪಡೆದು ಬಂದರೆ ಆ ದಿನಗಳು ಶುರುವಾಗುವುದೇ ಇಲ್ಲ. ಅರ್ಜಿಯನ್ನು ಆವಕಕ್ಕೆ (ಬಂದ ಕಾಗದಗಳನ್ನು ದಾಖಲಿಸುವ ವಿಭಾಗಕ್ಕೆ) ಕೊಟ್ಟು ಸಂಖ್ಯೆ, ದಿನಾಂಕ, ಮೊಹರು ಹಾಕಿಸಿಕೊಳ್ಳಿ. ಕಟ್ಟಡ ಪರವಾನಗಿ, ನಿಗದಿತ ದಿನದೊಳಗೆ ಸೇವೆ ಕೊಡಲೇಬೇಕೆನ್ನುವ ಸಕಾಲದ ಪಟ್ಟಿಯಲ್ಲೂ ಇದೆ, ಅದರ ಸಂಖ್ಯೆಯನ್ನೂ ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಎಂಬುದು ಸಣ್ಣ ಮೊತ್ತ. ಆದರೆ ತಡ ಮಾಡಿದವರ ಹೆಸರು ದಾಖಲಾಗುತ್ತದೆ ಎಂಬ ಅಂಜಿಕೆ ಸಣ್ಣದಲ್ಲ.

ಸೊಸೆ
ನಮ್ಮ ಮನೆಯ ಖಾತೆ ಇನ್ನೂ ತೀರಿಕೊಂಡ ಮಾವನವರ ಹೆಸರಿನಲ್ಲಿದೆ. ಜಮೀನಿನ ಪೌತಿ ಖಾತೆ ಆಯಿತು, ಪಹಣಿಯಲ್ಲಿ ಹೆಸರು ಬಂತು. ಮನೆಯದೂ ತಾನಾಗಿಯೇ ಬದಲಾಗಿರುತ್ತದೆ ಎಂದು ಮನೆಯವರು ಹೇಳುತ್ತಾರೆ. ಬದಲಾಗುತ್ತದೆಯೇ?

ಹಳೆಯ ಕಾರ್ಯದರ್ಶಿ
ಇಲ್ಲ ತಾಯಿ. ಪಹಣಿ ಕಂದಾಯ ಇಲಾಖೆಯದು, ಮನೆಯ ಖಾತೆ ಪಂಚಾಯಿತಿಯದು. ಒಂದು ಇನ್ನೊಂದನ್ನು ಎಳೆದು ತರುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಒಪ್ಪಿಗೆ ಇಟ್ಟು ಪಂಚಾಯಿತಿಗೆ ಪ್ರತ್ಯೇಕ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡದಂತೆ ನೋಡಿಕೊಳ್ಳಿ. ಬಿಟ್ಟರೆ ಮುಂದೆ ಆ ಮನೆಗೆ ನೆಮ್ಮದಿ ಇರುವುದಿಲ್ಲ, ಹಾಗೆ ಬಿಡುವುದು ನ್ಯಾಯವೂ ಅಲ್ಲ.

ತೆಂಗಿನತೋಟ
ಎಲ್ಲರಿಗೂ ಕೃತಜ್ಞತೆಗಳು. ಅಪ್ಪನ ಜೊತೆ ಕುಳಿತು ಮಾತನಾಡಿದೆ. ತೋಟದ ಆಸೆಯನ್ನು ಸದ್ಯಕ್ಕೆ ಬದಿಗಿಟ್ಟು, ಊರೊಳಗಿನ ಹಳೆಯ ಮನೆಯ ಜಾಗದಲ್ಲೇ ಕಟ್ಟುವುದೆಂದು ಮಾತಾಯಿತು. ಗ್ರಾಮಠಾಣಾದೊಳಗೇ ಇದೆ, ಕಂದಾಯದ ರಸೀದಿಗಳೂ ಇವೆ. ಆದರೆ ಹಳೆಯ ಪುಸ್ತಕದಲ್ಲಿ ಬರೆದಿರುವ ಅಳತೆ, ನಾವು ಟೇಪು ಹಿಡಿದು ನೋಡಿದ ಅಳತೆ ಬೇರೆ ಬೇರೆ. ಪಡುವಣ ಗೋಡೆ ನಮಗೂ ಪಕ್ಕದವರಿಗೂ ಸೇರಿದ್ದು, ಎರಡೂ ಮನೆಯ ತೊಲೆಗಳು ಅದರ ಮೇಲೇ ಕುಳಿತಿವೆ. ನಮ್ಮ ಸೂರಿನ ನೀರು ಬೀಳುವ ಒಂದೂವರೆ ಅಡಿ ಜಾಗ ತಮ್ಮದು ಎಂದು ಹಿಂದಿನ ಮನೆಯವರು ಆಗಲೇ ತಕರಾರು ತೆಗೆದಿದ್ದಾರೆ.

ಹಳೆಯ ಕಾರ್ಯದರ್ಶಿ
ಒಳ್ಳೆಯ ತೀರ್ಮಾನ. ಇನ್ನು ಅಳತೆಯ ಕೆಲಸ. ಗ್ರಾಮಠಾಣಾದ ಆಸ್ತಿಗೆ ಇ-ಸ್ವತ್ತಿನಲ್ಲಿ ನಮೂನೆ 9 ಬರಬೇಕಾದರೆ ಭೂಮಾಪನ ಇಲಾಖೆಯ ಮೋಜಿಣಿ ನಕ್ಷೆ ಬೇಕು, ಅದಕ್ಕೆ ಪಂಚಾಯಿತಿಯ ಮೂಲಕವೇ ಅರ್ಜಿ ಹೋಗುತ್ತದೆ. ನಿಮ್ಮ ಊರಿನಲ್ಲಿ ಸ್ವಾಮಿತ್ವದ, ಅಂದರೆ ಹಳ್ಳಿಯ ಮನೆ ಜಾಗಗಳನ್ನು ಅಳೆದು ದಾಖಲೆ ಕೊಡುವ ಕೇಂದ್ರದ ಯೋಜನೆಯ, ಡ್ರೋನ್ ಅಳತೆ ಆಗಿದೆಯೇ ವಿಚಾರಿಸಿ. ಆ ಯೋಜನೆ 2020ರಲ್ಲಿ ಶುರುವಾದಾಗ ಪ್ರಯೋಗಕ್ಕೆ ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡ್ರೋನ್ ಹಾರುವ ಮೊದಲು ಪ್ರತಿ ಮನೆಯ ಎಲ್ಲೆಗೆ ಸುಣ್ಣದ ಗೆರೆ ಎಳೆದಿರುತ್ತಾರೆ. ಆ ದಿನ ನಿಮ್ಮ ಹಿಂಬದಿಯಲ್ಲಿ ಗೆರೆ ಗೋಡೆಗೆ ತಾಗಿ ಎಳೆದಿದ್ದರೋ, ಸೂರಿನಾಚೆ ಎಳೆದಿದ್ದರೋ ಎಂಬುದು ಈಗ ಬಹಳ ಮುಖ್ಯ. ಆಕ್ಷೇಪಣೆ ಇದ್ದರೆ ಲಿಖಿತವಾಗಿ ಕೊಡಿ.

ಅಳತೆಯ ದಿನ ನಾಲ್ಕೂ ದಿಕ್ಕಿನವರು ಅಲ್ಲಿರುವಂತೆ ನೋಡಿಕೊಳ್ಳಿ. ಚಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಎಲ್ಲೆಗಳ ವಿವರವನ್ನು) ಅವರ ಎದುರೇ ಓದಿಸಿ ಸಹಿ ಹಾಕಿಸಿಕೊಳ್ಳಿ. ಜಂಟಿ ಗೋಡೆಯನ್ನು ಮುಟ್ಟದೆ, ನಿಮ್ಮ ಬದಿಯಲ್ಲೇ ಜಾಗ ಬಿಟ್ಟು ಹೊಸ ಗೋಡೆ ಎಬ್ಬಿಸುವಂತೆ ನಕ್ಷೆ ಬರೆಸಿ. ಅಡಿ ಎರಡು ಅಡಿ ಹೋದರೆ ಹೋಗಲಿ.

ಗಾರೆಮೇಸ್ತ್ರಿ
ಆ ಮಾತು ನನ್ನದೂ ಹೌದು. ಜಂಟಿ ಗೋಡೆ ಕೆಡವಲು ಹೋಗಬೇಡಿ ಸರ್. ಪಕ್ಕದವರ ತೊಲೆ ಜಾರಿದರೆ ಕಾಗದ ಎಷ್ಟು ಸರಿ ಇದ್ದರೂ ಕೆಲಸ ನಿಲ್ಲುತ್ತದೆ. ನಿಮ್ಮ ತೊಲೆಗಳನ್ನು ಬಿಡಿಸುವ ಮೊದಲು ಅವರ ಕಡೆಗೆ ಊರುಗಂಬ ಕೊಡಿಸಿ.

ಗುಡ್ಡದಮನೆ
ತಿಪಟೂರಿನವರಿಗೆ ದಾರಿ ಸಿಕ್ಕಿತು, ಸಂತೋಷ. ನಮ್ಮ ಕಡೆಯವರಿಗೆ ಒಂದು ವಿನಂತಿ. ಚದುರಿದ ಮನೆಗಳ ಗ್ರಾಮಗಳಲ್ಲಿ ಹಳೆಯ ಮನೆಯ ಅಂಗಳಕ್ಕೆ ಹೊಂದಿಕೊಂಡ ಜಾಗವನ್ನಾದರೂ ವಾಸದ ಜಾಗವೆಂದು ಪರಿಗಣಿಸಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿಸೋಣ. ಮಾತನಾಡಿ ಎದ್ದು ಬರುವುದು ಬೇಡ, ನಡಾವಳಿ ಪುಸ್ತಕದಲ್ಲಿ ಬರೆಸಿ ಪ್ರತಿ ಪಡೆಯಿರಿ. ಠರಾವಿನ ಒಕ್ಕಣೆಯನ್ನು ಕಾರ್ಯದರ್ಶಿಗಳು ಬರೆದುಕೊಡುವಿರಾ?

ಹಳೆಯ ಕಾರ್ಯದರ್ಶಿ
ಬರೆದುಕೊಡುತ್ತೇನೆ. ನಿಮ್ಮ ಗ್ರಾಮದ ಸರ್ವೆ ನಂಬರುಗಳನ್ನೂ ಪ್ರತಿಯೊಂದರಲ್ಲಿ ಎಷ್ಟು ಮನೆಗಳಿವೆ ಎಂಬುದನ್ನೂ ಪಟ್ಟಿ ಮಾಡಿ ಇಡಿ, ಠರಾವಿನ ಜೊತೆ ಅದು ಹೋಗಬೇಕು.